ಗಂಗವ್ವನ ಬೆರಳು, ಸೊಳ್ಳೆಯ ಸೂಜಿ

ಸೊಳ್ಳೆ ಗಂಟಲಿಗೆ ಹೋಯಿತು.

ಕಿತ್ತೂರಿನ ಹತ್ತಿರ ಒಂದು ದನದ ಕೊಟ್ಟಿಗೆ. ಬಾಯಲ್ಲಿ ರಬ್ಬರ್ ನಳಿಕೆ, ಅದರ ತುದಿಗೆ ಒಂದು ಕೈಯಲ್ಲಿ ಹಿಡಿದ ಗಾಜಿನ ಕೊಳವೆ, ಇನ್ನೊಂದು ಕೈಯಲ್ಲಿ ಬ್ಯಾಟರಿ ದೀಪ. ಗೋಡೆಯ ಮೇಲೆ ಕೂತ ಸೊಳ್ಳೆಯ ಹತ್ತಿರ ಕೊಳವೆ ಹಿಡಿದು ಮೆಲ್ಲಗೆ ಹೀರಬೇಕು. ಸೊಳ್ಳೆ ಗಾಜಿನೊಳಗೆ ಬರಬೇಕು, ಬಾಯಿಗೆ ಬರಬಾರದು. ಅದಕ್ಕೇ ಗಾಜು ಮತ್ತು ರಬ್ಬರಿನ ನಡುವೆ ಸೊಳ್ಳೆಪರದೆಯ ಒಂದು ಚೂರು ಕಟ್ಟಿರುತ್ತಾರೆ. ನಾನು ಅದನ್ನು ಬಿಚ್ಚಿ ತೊಳೆದಿದ್ದೆ, ಮತ್ತೆ ಕಟ್ಟಿರಲಿಲ್ಲ. ಕೆಮ್ಮಿದೆ, ಉಗುಳಿದೆ. ಎಮ್ಮೆ ಬೆದರಿ ಒದೆಯಿತು. ಕೊಳವೆ ಸೆಗಣಿಯಲ್ಲಿ ಬಿತ್ತು.

ಬಾಗಿಲಲ್ಲಿ ಹುಸೇನಸಾಬರು ನಿಂತಿದ್ದರು. ಕೆಲಸ ಕಲಿಸುವವರು ಅವರೇ.

“ಏನಪಾ, ನಾಷ್ಟಾ ಆತೇನು?”

“ಸರ್, ಒಳಗ ಹೋತ್ರಿ.”

“ಹೆಣ್ಣೋ ಗಂಡೋ?”

“ನನಗೇನ್ ಗೊತ್ರಿ!”

“ನುಂಗೂಕಿಂತ ಮೊದ್ಲ ನೋಡಬೇಕಿತ್ತಲೇ. ಬರಕೋಬೇಕಲ್ಲ.”

ನನ್ನ ಕೆಲಸದ ಮೊದಲ ದಿನ ಅದು.

ನನ್ನ ಹೆಸರು ಬಸವರಾಜ. ಸಂಗೊಳ್ಳಿ ಕಡೆಯವನು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬೈಲಹೊಂಗಲದ ಒಂದು ಕಾಲೇಜಿನ ಹಿಂದೆ ಎರಡು ಕೋಣೆಯ ಲ್ಯಾಬ್ ಇದೆ. ಅಲ್ಲಿ ಸೊಳ್ಳೆ ಹಿಡಿಯುವ, ಸೊಳ್ಳೆ ಸಾಕುವ ಕೆಲಸ ಹನ್ನೊಂದು ವರ್ಷ ಮಾಡಿದೆ. ಈಗ ಮೂವತ್ತೆರಡು ವಯಸ್ಸು. ನಿವೃತ್ತನಾಗಿದ್ದೇನೆ. ನಗಬೇಡಿ, ಕಾರಣ ಮುಂದೆ ಹೇಳುತ್ತೇನೆ. ನನ್ನ ಜಾಗಕ್ಕೆ ಇಬ್ಬರು ಬಂದಿದ್ದಾರೆ, ಇಬ್ಬರೂ ಡಿಗ್ರಿ ಮುಗಿಸಿದವರು. ಪುಸ್ತಕದಲ್ಲಿ ಇಲ್ಲದ್ದನ್ನು ಇವರಿಗೆ ಬರೆದುಕೊಡು ಅಂದರು ಲ್ಯಾಬಿನ ಮುಖ್ಯಸ್ಥೆ ಕುಲಕರ್ಣಿ ಮೇಡಂ. ಬರೆಯುತ್ತಿದ್ದೇನೆ.

ಹುಸೇನಸಾಬರು ಆರೋಗ್ಯ ಇಲಾಖೆಯಲ್ಲಿ ಸೊಳ್ಳೆ ಹಿಡಿದೇ ನಿವೃತ್ತರಾದವರು. ಆಮೇಲೆ ಮೇಡಂ ಅವರನ್ನು ಕರೆಸಿಕೊಂಡರು. ಅವರು ಒಳಗೆ ಬಂದರೆ ಸಾಕು, ಯಾವ ಗೋಡೆಯ ಯಾವ ಮೂಲೆಯಲ್ಲಿ ಸೊಳ್ಳೆ ಕೂತಿದೆ ಎಂದು ಹೇಳುತ್ತಿದ್ದರು. ಅವರು ಕಲಿಸಿದ ಮೊದಲ ಪಾಠ ಹೀರುವುದು.

“ಎದೀಲಿಂದ ಎಳೀಬ್ಯಾಡ, ಗಲ್ಲದಿಂದ ಎಳಿ. ಬಿಸಿ ಚಹಾ ಹೆಂಗ ಸೊರ್ ಅಂತೀ, ಹಂಗ. ಜೋರ್ ಎಳದ್ರ ಕಾಲ ಮುರೀತೈತಿ, ಮೆಲ್ಲಕ ಎಳದ್ರ ಹಾರಿ ಹೋಗತೈತಿ.”

ಅದು ಬರಲು ನನಗೆ ಎರಡು ತಿಂಗಳು ಬೇಕಾಯಿತು. ಈಗ ಬ್ಯಾಟರಿಯಿಂದ ಹೀರುವ ಯಂತ್ರ ಬಂದಿದೆ. ಬಾಯಿ ಹಾಕುವುದೇ ಬೇಡ. ಅದು ಒಳ್ಳೆಯದು, ಅದನ್ನೇ ಬಳಸಿ. ಹುಸೇನಸಾಬರು ಮಾತ್ರ ನಾನಿದ್ದಷ್ಟು ದಿನ ಅದನ್ನು ಮುಟ್ಟಲಿಲ್ಲ. “ಅದಕ್ಕ ಗಲ್ಲಾ ಎಲ್ಲಿ ಐತಿ?” ಅನ್ನುತ್ತಿದ್ದರು.

ನನ್ನ ದೊಡ್ಡ ತಪ್ಪುಗಳಲ್ಲಿ ಮೊದಲನೆಯದು ಸಂಪಗಾಂವದಲ್ಲಿ ಆಯಿತು. ಒಂದು ಸಂಜೆ ತಿಪ್ಪೆಯ ಮೇಲೆ ಸೊಳ್ಳೆಗಳು ಕಂಬದ ಹಾಗೆ ಸುತ್ತುತ್ತಿದ್ದವು. ಒಂದೊಂದೇ ಹಿಡಿಯುವ ತಾಪತ್ರಯ ಯಾಕೆ ಎಂದು ಬಲೆ ಬೀಸಿದೆ. ಒಂದೇ ಏಟಿಗೆ ಪಂಜರ ತುಂಬಿತು. ದೊಡ್ಡ ಕೆಲಸ ಮಾಡಿದೆ ಎಂದು ಲ್ಯಾಬಿಗೆ ತಂದು ಮೇಜಿನ ಮೇಲೆ ಇಟ್ಟೆ. ಹುಸೇನಸಾಬರು ಕನ್ನಡಕ ಏರಿಸಿ ನೋಡಿದರು.

“ಎಲ್ಲಾ ಮೀಸಿ ಇದ್ದಾವ ಅದಾವಲೇ. ಗಂಡು. ಇವಕ್ಕ ಚುಚ್ಚೂ ಸೂಜಿನ ಇಲ್ಲ. ಹೂವಿನ ರಸಾ ಕುಡದ ಬದಕೂವು. ಇವನ್ನ ತಗೊಂಡ ಮೇಡಂ ಏನ್ ಮಾಡಬೇಕು, ಲಗ್ನಾ ಮಾಡಬೇಕೇನು?”

ಸಂಜೆ ಗುಂಪುಗಟ್ಟಿ ಕುಣಿಯುವುವು ಗಂಡು. ರಕ್ತ ಕುಡಿಯುವುದು ಹೆಣ್ಣು ಮಾತ್ರ. ಅದು ಗುಂಪಿನಲ್ಲಿರುವುದಿಲ್ಲ, ಕತ್ತಲೆ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ.

ಮೇಡಂಗೆ ಬೇಕಾದದ್ದು ಸೊಳ್ಳೆಯ ಬಾಯಿ. ರೋಗ ಅಲ್ಲ, ಔಷಧ ಅಲ್ಲ, ಬರೀ ಬಾಯಿ. ಇದೆಂಥ ಕೆಲಸ ಎಂದು ನನಗೆ ಅನಿಸುತ್ತಿತ್ತು. ಒಂದು ದಿನ ಅವರೇ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

“ಏನ್ ಕಾಣಸ್ತದ, ಬಸವರಾಜ?”

“ಒಂದು ಕೂದಲಾ ರೀ.”

“ನೆಟ್ಟಗ ನೋಡು.”

“ಕೂದಲಾನ ಐತ್ರಿ.”

ಅವರು ಕೂದಲಿಗಿಂತ ಸಣ್ಣ ಒಂದು ಮೊನೆಯಿಂದ ಅದನ್ನು ಸವರಿದರು. ಒಂದು ಕೂದಲು ಬಿಚ್ಚಿಕೊಂಡಿತು. ಹೊರಗೆ ಒಂದು ಒರೆ, ಒಳಗೆ ಆರು ಎಳೆ.

ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಕಣ್ಣಿಗೆ ಕಾಣುವ ಸೊಂಡಿಲು ಚುಚ್ಚುವುದೇ ಇಲ್ಲ. ಅದು ಒರೆ ಅಷ್ಟೇ. ಸೊಳ್ಳೆ ಕೂತಾಗ ಒರೆಯ ತುದಿ ಚರ್ಮವನ್ನು ಒತ್ತಿ ಹಿಡಿಯುತ್ತದೆ, ಒಳಗಿನ ಆರು ಎಳೆ ಇಳಿಯುತ್ತವೆ, ಒರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆರರಲ್ಲಿ ಎರಡಕ್ಕೆ ಹಲ್ಲುಗಳಿವೆ. ಒಂದಾದ ಮೇಲೊಂದು ಹಿಂದೆ ಮುಂದೆ ಆಡುತ್ತ ಅವು ಚರ್ಮ ಕೊಯ್ಯುತ್ತವೆ. ಇನ್ನೆರಡು ದಾರಿ ಮಾಡಿಕೊಡುತ್ತವೆ. ಐದನೆಯದು ರಕ್ತ ಹೀರುವ ನಾಳ. ಅದರ ತುದಿ ಒಳಗೆ ಹೋದ ಮೇಲೂ ಬಾಗುತ್ತದೆ, ಅತ್ತ ಇತ್ತ ಹುಡುಕಿ ರಕ್ತನಾಳಕ್ಕೆ ಮುಟ್ಟುತ್ತದೆ. ಆರನೆಯದರಿಂದ ಉಗುಳು ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಎಂದು ಆ ಉಗುಳು. ನಮಗೆ ಕೆರೆತ ಬರುವುದು ಅದರಿಂದ, ಚುಚ್ಚಿದ್ದರಿಂದ ಅಲ್ಲ.

ಮೇಡಂ ಕಂಪ್ಯೂಟರಿನಲ್ಲಿ ವಿಡಿಯೋ ತೋರಿಸಿದರು. ಚುಚ್ಚುವಾಗ ಸೊಳ್ಳೆಯ ತಲೆ ಸಣ್ಣಗೆ ನಡುಗುತ್ತಿತ್ತು.

“ಮೇಡಂ, ಇದು ಚುಚ್ಚೂದಲ್ರಿ. ಇದು ಕೊಯ್ಯೂದು,” ಅಂದೆ.

“ಅಂದ್ರ?”

“ಜ್ವಾಳಾ ಕೊಯ್ಯೂ ಕುಡಗೋಲಿಗೆ ಹಲ್ಲ ಇರ್ತಾವಲ್ರಿ. ಅದನ್ನ ಯಾರೂ ಕೊಡ್ಲಿ ಬೀಸಿದಂಗ ಬೀಸೂದಿಲ್ಲ. ದಂಟಿಗೆ ಹಚ್ಚಿ ಎಳದ್ರ ಸಾಕು. ಜೋರ್ ಬೇಕಾಗೂದಿಲ್ಲ. ದವಾಖಾನಿ ಸೂಜಿ ಕೊಡ್ಲಿ ಇದ್ದಂಗ.”

ಮೇಡಂ ಅದನ್ನು ತಮ್ಮ ನೋಟಬುಕ್ಕಿನಲ್ಲಿ ಬರೆದುಕೊಂಡರು. ಹಿಂಗ ಇರೋ ಸೂಜಿ ಮಾಡಬೇಕು, ಕಡಿಮೆ ಒತ್ತಡದಲ್ಲಿ ಹೋಗಬೇಕು, ನೋವು ಆಗಬಾರದು, ಅದಕ್ಕೇ ಈ ಎಲ್ಲ ಕೆಲಸ ಅಂದರು. ಬೇರೆ ದೇಶಗಳಲ್ಲೂ ಇದನ್ನೇ ಮಾಡುತ್ತಿದ್ದಾರಂತೆ. ಅಂದಿನಿಂದ ನಾನು ಇದೆಂಥ ಕೆಲಸ ಎಂದು ಹೆಸರಿಡಲಿಲ್ಲ.

ಇನ್ನು ಗಂಗವ್ವ.

ರಾಮದುರ್ಗ ತಾಲೂಕಿನ ಒಂದು ಊರಿನಲ್ಲಿ ನೇಕಾರರ ಓಣಿ ಇದೆ. ಅಲ್ಲಿ ಈಗ ಹೆಚ್ಚಿನವು ಕರೆಂಟಿನ ಮಗ್ಗ. ಗಂಗವ್ವನದು ಮಾತ್ರ ಕುಣಿ ಮಗ್ಗ. ನೆಲದಲ್ಲಿ ಒಂದು ಕುಣಿ, ಅದರೊಳಗೆ ಕಾಲು ಬಿಟ್ಟು ದಂಡೆಯ ಮೇಲೆ ಕೂರಬೇಕು, ಕೆಳಗಿನ ಹಲಗೆ ತುಳಿಯುತ್ತ ಮೇಲೆ ಲಾಳಿ ಓಡಿಸಬೇಕು. ಕುಣಿ ತಂಪು, ಕತ್ತಲೆ. ಹುಸೇನಸಾಬರು ಅದರೊಳಗೆ ಬ್ಯಾಟರಿ ಬಿಟ್ಟು ನೋಡಿ, “ಇದು ಸೊಳ್ಳಿ ಬ್ಯಾಂಕ್ ಐತಿ,” ಅಂದರು. ಆಮೇಲೆ ವಾರಕ್ಕೊಮ್ಮೆ ನಾನು ಅಲ್ಲಿಗೆ ಹೋಗತೊಡಗಿದೆ. ಬೈಲಹೊಂಗಲದಿಂದ ಸವದತ್ತಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ.

ಗಂಗವ್ವ ಅರವತ್ತರ ಹತ್ತಿರದವಳು. ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಮನೆಯಲ್ಲಿ ತಂಗಿಯೂ ಇದ್ದಳು, ಆಕೆ ನೂಲು ಸುತ್ತುತ್ತಿದ್ದಳು. ನಾನು ಕುಣಿಗೆ ಇಳಿದರೆ ಗಂಗವ್ವ ಮೇಲಿನಿಂದ, “ನಮ್ಮ ಸೊಳ್ಳಿ ಎಣಿಸಿ ಒಯ್ಯೋ ತಮ್ಮಾ. ನಾಳೆ ಕಮ್ಮಿ ಬಿದ್ರ ನಿನ್ನ ಕೇಳತೇನಿ,” ಅನ್ನುತ್ತಿದ್ದಳು. ಮೇಲೆ ಬಂದರೆ ಒಂದು ತಂಬಿಗೆ ನೀರು, ಒಂದು ಹರಳು ಬೆಲ್ಲ. ಅದನ್ನು ಬಾಯಿಗೆ ಹಾಕದೆ ಆ ಮನೆಯಿಂದ ಯಾರೂ ಎದ್ದು ಬರುವಂತಿಲ್ಲ. ಮೀಟರ್ ನೋಡಲು ಬಂದವನಿಗೂ ಅದೇ.

ಒಂದು ದಿನ ಕುಣಿಯಲ್ಲಿ ಆಕೆಯ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು ಕಂಡೆ. ಸೊಳ್ಳೆ ಕಡಿದಿದೆ, ಇನ್ನೊಂದು ಕಾಲಿನ ಉಗುರಿನಿಂದ ಕೆರೆದುಕೊಂಡಿದ್ದಾಳೆ, ಗಾಯವಾಗಿದೆ. ಎರಡು ತಿಂಗಳಾದರೂ ಮಾಯ್ದಿಲ್ಲ. ಆಕೆಗೆ ಶುಗರ್ ಇತ್ತು.

“ಡಾಕ್ಟರ್ ಏನಂತಾರ, ಅವ್ವಾ?”

“ದಿನಾ ಶುಗರ್ ನೋಡ್ಕೊಂಡ ಬರದಿಡು, ಅದರ ಮ್ಯಾಲ ಔಷಧ ಹೊಂದಸ್ತೇನಿ ಅಂತಾನ. ಇಲ್ಲಂದ್ರ ಬೆರಳ ತಗೀಬೇಕಾಗ್ತೈತಿ ಅಂತಾನ.”

“ಮತ್ತ ನೋಡ್ಕೊಳ್ಳಾಕತ್ತೀರೋ ಇಲ್ಲೋ?”

ತಂಗಿ ನೂಲು ಸುತ್ತುತ್ತಲೇ ಅಂದಳು, “ಮಷೀನ್ ತಂದಿಟ್ಟ ತಿಂಗಳಾತು. ದೇವರ ಜಗಲಿ ಮ್ಯಾಲ ಐತಿ. ದಿನಾ ಊದಿನಕಡ್ಡಿ ಬೆಳಗತಾಳ ಅದಕ್ಕ.”

“ಏ, ನಿನಗೇನ ಗೊತ್ತ, ನೂಲ ಸುತ್ತಾಕಿಗೆ!” ಗಂಗವ್ವ ಕೈ ಚಾಚಿ ನನಗೆ ಬೆರಳು ತೋರಿಸಿದಳು. ಮೊದಲ ವಾರ ಚುಚ್ಚಿಸಿಕೊಂಡ ಗುರುತು ಬೆರಳ ತುದಿಯಲ್ಲಿ ಸಣ್ಣಗೆ ಗಡಸಾಗಿತ್ತು. ರೇಷ್ಮೆಯ ಒಂದು ಎಳೆ ತೆಗೆದು ಅದರ ಮೇಲೆ ಎಳೆದಳು. ಎಳೆ ಅಲ್ಲಿ ಸಿಕ್ಕಿಕೊಂಡಿತು, ಸಣ್ಣ ನಾರು ಎದ್ದಿತು.

“ನೋಡಿದಿ? ಹಿಡೀತೈತಿ. ಸೆರಗಿನ ತುಂಬ ಹಿಂಗಾದ್ರ ಆ ಸೀರಿ ಯಾರ ಉಡ್ತಾರ? ಒಂದ್ಸಲ ರಕ್ತದ ಹನಿ ಬಿದ್ದು ಬಿಳಿ ಸೀರಿ ಕೆಟ್ಟಿತು. ಕಾಲಬೆರಳ ಹೋದ್ರ ತುಳಿಯಾಕ ಬರಂಗಿಲ್ಲ, ಕೈಬೆರಳ ಒರಟಾದ್ರ ನೇಯಾಕ ಬರಂಗಿಲ್ಲ. ಯಾವದ ಬಿಡ್ಲಿ, ನೀನ ಹೇಳು.”

ಬೆಲ್ಲ ತಿಂದು ಎದ್ದು ಬಂದೆ.

ಮುಂದಿನ ವಾರ ಎರಡನೆಯ ದೊಡ್ಡ ತಪ್ಪು ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವೂ ಮಾಡಬಹುದಾದ ತಪ್ಪು.

ಸೂಜಿ ತಯಾರಿಸುವ ಒಂದು ಕಂಪನಿಯವರು ಲ್ಯಾಬಿಗೆ ಬರುವವರಿದ್ದರು. ಮೇಡಂ ಹಗಲಿರುಳು ತಯಾರಿ ನಡೆಸಿದ್ದರು. ಬೆಚ್ಚಗಿನ ಆಡಿನ ರಕ್ತದ ಬಟ್ಟಲು, ಅದರ ಬಾಯಿಗೆ ಚರ್ಮದಷ್ಟು ತೆಳುವಾದ ಪೊರೆ, ಪಕ್ಕದಲ್ಲಿ ಕ್ಯಾಮೆರಾ. ಪೊರೆಯ ಮೇಲೆ ಸೊಳ್ಳೆ ಕೂತು ಚುಚ್ಚುವುದನ್ನು ಕಂಪನಿಯವರಿಗೆ ಪರದೆಯ ಮೇಲೆ ತೋರಿಸಬೇಕು. ಅದಕ್ಕೆ ಗಂಗವ್ವನ ಕುಣಿಯ ಸೊಳ್ಳೆ ತಾ, ಹಿಂದಿನ ದಿನದಿಂದ ಅವಕ್ಕೆ ಸಿಹಿ ಏನೂ ಕೊಡಬೇಡ, ಹಸಿದಿರಬೇಕು ಎಂದು ಎರಡು ಸಲ ಹೇಳಿದ್ದರು.

ಹಿಡಿದೆ. ಎಲ್ಲ ಹೆಣ್ಣು. ಬಸ್ಸಿಗೆ ಇನ್ನೂ ಹೊತ್ತಿತ್ತು. ಪಂಜರವನ್ನು ಬಾಗಿಲ ಕಟ್ಟೆಯ ಮೇಲಿಟ್ಟು ನಾನು ರೊಟ್ಟಿ ತಿನ್ನಲು ಕೂತೆ. ತಿಂದು ಎದ್ದು ನೋಡಿದರೆ ಪಂಜರದ ಜಾಳಿಗೆಯ ಮೇಲೆ ಒದ್ದೆ ಹತ್ತಿಯ ಉಂಡೆ. ಕೆಂಪಗಿತ್ತು.

“ಏನವ್ವಾ ಇದು?”

“ಬೆಲ್ಲದ ನೀರೋ ತಮ್ಮಾ. ನಿನಗೊಬ್ಬಂಗ ಕೊಟ್ಟು ಅವಕ್ಕ ಹಂಗ ಕಳಸ್ಲಿ? ನಮ್ಮ ಮನ್ಯಾಗ ಇದ್ದು ಹೊಂಟಾವ.”

ತೆಗೆಯಬೇಕಿತ್ತು. ನಾನು ತೆಗೆಯಲಿಲ್ಲ. ಮೇಡಂ ಹೇಳಿದ್ದು ನೆನಪಿತ್ತು. ಆದರೆ ಪ್ರಯಾಣ ದೂರ, ಬಿಸಿಲು ಬೇರೆ, ಅಷ್ಟು ಕುಡಿದರೆ ಸಾಯದೆ ಬಂದಾವು ಎಂದುಕೊಂಡೆ. ಹತ್ತಿ ಇದ್ದ ಹಾಗೆಯೇ ಒದ್ದೆ ಬಟ್ಟೆ ಹೊದಿಸಿ ಬಸ್ಸು ಹತ್ತಿದೆ.

ಕಂಡಕ್ಟರ್ ಕೇಳಿದ, “ಏನೈತ್ಯೋ ಅದರಾಗ?”

“ಸೊಳ್ಳಿ ರೀ.”

“ಯಾಕ, ನಮ್ಮ ಬಸ್ಸಿನಾಗ ಕಮ್ಮಿ ಅದಾವೇನು?”

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಕಂಪನಿಯವರು ಬಂದರು. ಮೂವರು. ಅವರಲ್ಲಿ ಪಾಟೀಲ ಎಂಬ ಎಂಜಿನಿಯರ್ ಬೆಳಗಾವಿ ಕಡೆಯವರು. ಸೊಳ್ಳೆಗಳನ್ನು ಪೊರೆಯ ಮೇಲೆ ಬಿಟ್ಟೆವು. ಒಂದೂ ಚುಚ್ಚಲಿಲ್ಲ. ಪಂಜರದ ಗೋಡೆಗೆ ಅಂಟಿ ಹೊಟ್ಟೆ ಉಬ್ಬಿಸಿಕೊಂಡು ಕೂತವು. ಒಂದು ಬಂದು ಪೊರೆಯ ಮೇಲೆ ಕೂತಿತು. ಎಲ್ಲರೂ ಪರದೆ ನೋಡಿದರು. ಅದು ಕಾಲು ಉಜ್ಜಿಕೊಂಡು ಹಾರಿ ಹೋಯಿತು. ಅರ್ಧ ಗಂಟೆ ಹೀಗೇ ನಡೆಯಿತು. ಹಿರಿಯ ಸಾಹೇಬರೊಬ್ಬರು ಗಡಿಯಾರ ನೋಡಿಕೊಂಡರು.

ಮೇಡಂ ನನ್ನ ಕಡೆ ತಿರುಗಿದರು. “ಬಸವರಾಜ, ಏನ್ ಕೊಟ್ಟೀ ಇವಕ್ಕ?”

ಸುಳ್ಳು ಹೇಳಬಹುದಿತ್ತು. ಹವೆ ಸರಿಯಿಲ್ಲ ಅನ್ನಬಹುದಿತ್ತು. ಹುಸೇನಸಾಬರು ಆಗಲೇ ಹತ್ತಿಯ ಉಂಡೆ ಮೂಸುತ್ತಿದ್ದರು.

“ಬೆಲ್ಲದ ನೀರ ಕುಡದಾವ ರೀ,” ಅಂದೆ.

“ಬೆಲ್ಲ? ಯಾರ್ ಕೊಟ್ರು?”

“ಗಂಗವ್ವ. ನಾ ನೋಡಿ ಸುಮ್ಮನಾದೆ ರೀ. ತಪ್ಪು ನಂದ.”

ಮೇಡಂ ಬಯ್ಯಲಿಲ್ಲ. ಕುರ್ಚಿಯಲ್ಲಿ ಕೂತರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಪಾಟೀಲ ಸಾಹೇಬರು ಮಾತ್ರ ಜೋರಾಗಿ ನಕ್ಕರು. “ಸೊಳ್ಳಿಗೂ ಬೆಲ್ಲಾ ನೀರು ಕೊಟ್ಟ ಕಳಸ್ಯಾರಲ್ರೀ! ಯಾರ ಈ ಗಂಗವ್ವ?”

ನಾನು ಹೇಳಿದೆ. ಬಯ್ಯುವ ಮೊದಲು ಎಲ್ಲ ಹೇಳಿಬಿಡೋಣ ಎಂದು ಹೇಳುತ್ತಲೇ ಹೋದೆ. ಕುಣಿ ಮಗ್ಗ, ಕಾಲಿನ ಗಾಯ, ದೇವರ ಜಗಲಿಯ ಮೇಲಿನ ಮಷೀನು.

“ನೋವಿಗೆ ಅಂಜತಾಳೇನ ಆಕಿ?” ಪಾಟೀಲರು ಕೇಳಿದರು.

“ನೋವಿಗಲ್ರಿ. ದಿನಾ ಸೊಳ್ಳಿ ಕೈಲೆ ಕಡಿಸಿಕೊಂತ ನೇಯತಾಳ. ಚುಚ್ಚಿದಲ್ಲೆ ಬೆರಳ ಒರಟ ಆಗ್ತೈತಿ, ರೇಷ್ಮಿ ಎಳಿ ಹಿಡೀತೈತಿ, ಅದಕ್ಕ ಒಲ್ಲೆ ಅಂತಾಳ.”

ಪಾಟೀಲರು ನಗು ನಿಲ್ಲಿಸಿದರು. ಮೇಡಂ ಕಡೆ ನೋಡಿದರು. “ಮೇಡಂ, ನಾವು ಇಷ್ಟ ವರ್ಷ ನೋವು ಕಮ್ಮಿ ಮಾಡೂದ ಒಂದ ನೋಡೇವಿ. ಚುಚ್ಚಿದ ಮ್ಯಾಲ ಚರ್ಮ ಹೆಂಗ ಉಳೀತೈತಿ ಅಂತ ಯಾರ ನೋಡ್ಯಾರ?”

ಮೇಡಂ ನೋಟಬುಕ್ಕು ತೆಗೆದು ಅದನ್ನೂ ಬರೆದುಕೊಂಡರು.

ಆ ವಾರದಲ್ಲೇ ನಾವು ನಾಲ್ವರು ಗಂಗವ್ವನ ಮನೆಗೆ ಹೋದೆವು. ಮೇಡಂ, ಪಾಟೀಲರು, ಹುಸೇನಸಾಬರು, ನಾನು. ಎಲ್ಲರಿಗೂ ಬೆಲ್ಲ, ನೀರು. ಪಾಟೀಲರು ದೊಡ್ಡ ಭೂತಗನ್ನಡಿ ತಂದಿದ್ದರು. ಬೆರಳು ನೋಡಿದರು, ಎಳೆ ನೋಡಿದರು. ಆಮೇಲೆ ಕೇಳಿದರು:

“ಅವ್ವಾ, ಸೊಳ್ಳಿ ಕಡದ ಜಾಗಾ ಎಂದಾರ ಎಳಿ ಹಿಡದೈತೇನು?”

ಗಂಗವ್ವ ಸ್ವಲ್ಪ ಯೋಚಿಸಿದಳು. “ಇಲ್ಲೋ ಯಪ್ಪಾ. ಕೆರೀತೈತಿ. ಎಳಿ ಹಿಡಿಯೂದಿಲ್ಲ.”

“ಹಂಗಂದ್ರ ಅದು ನಮ್ಮ ಸೂಜಿಗಿಂತ ಶಾಣ್ಯಾ ಐತಿ.”

“ನನಗ ಮೊದಲ ಗೊತ್ತಿತ್ತು. ನೀವು ಈಗ ಕೇಳಾಕ ಬಂದೀರಿ.”

ಹೊಸ ಸೂಜಿ ಮಾಡುತ್ತೇವೆ, ಬೆರಳಿಗೆ ಬೇಡ, ತೋಳಿಗೆ ಚುಚ್ಚಿದರೆ ಸಾಕಾಗುವ ಹಾಗೆ ಮಾಡುತ್ತೇವೆ ಎಂದು ಪಾಟೀಲರು ಹೇಳಿದರು. ಎಷ್ಟು ದಿನ ಎಂದು ಗಂಗವ್ವ ಕೇಳಿದಳು. ವರ್ಷ, ಎರಡು ವರ್ಷ, ಪರವಾನಿಗೆ ಬರಬೇಕು ಅಂದರು.

“ಅಲ್ಲೀತನಕಾ ನನ್ನ ಕಾಲಬೆರಳಿಗೆ ಕಾಯ್ಕೊಂಡಿರು ಅಂತ ನೀವ ಹೇಳಿ ಹೋಗ್ರಿ,” ಅಂದಳು ಗಂಗವ್ವ.

ಆಗ ನನಗೆ ಸೊಳ್ಳೆಯ ಐದನೆಯ ಎಳೆ ನೆನಪಾಯಿತು. ಸೊಳ್ಳೆ ಜಾಗ ಹುಡುಕುತ್ತದೆ. ನಾವು ಹುಡುಕದೆ ಬೆರಳ ತುದಿಗೇ ಚುಚ್ಚುತ್ತೇವೆ.

“ಅವ್ವಾ, ನಿಮ್ಮ ಎಳಿ ಬೆರಳಿನ ಎಲ್ಲಾ ಕಡೆ ಮುಟ್ಟತೈತೇನು?”

“ಏನೋ, ನಾ ಎಂದ ನೋಡೇನಿ?”

“ವಿಭೂತಿ ಐತೇನ್ರಿ?”

ಆ ಮನೆಯಲ್ಲಿ ವಿಭೂತಿ ಇಲ್ಲದೆ ಇರುತ್ತದೆಯೇ. ತಂಗಿ ಗಟ್ಟಿ ತಂದಳು. ಗಂಗವ್ವನ ಎರಡೂ ಕೈಯ ಹತ್ತೂ ಬೆರಳಿಗೆ ಸುತ್ತಲೂ ಬೆಳ್ಳಗೆ ಬಳಿದೆವು. ನೇಯಿರಿ ಅಂದೆ. ವಿಭೂತಿ ಎಳೆಗೆ ಹತ್ತಿದರೂ ಕೊಡವಿದರೆ ಹೋಗುತ್ತದೆ, ಕಲೆ ಬೀಳುವುದಿಲ್ಲ. ಆಕೆ ಅರ್ಧ ತಾಸು ನೇಯ್ದಳು. ಲಾಳಿ ಎಸೆದಳು, ಕಡಿದ ಎಳೆ ಗಂಟು ಹಾಕಿದಳು, ಅಂಚು ಸರಿಮಾಡಿದಳು. ಆಮೇಲೆ ಕೈ ಬೆಳಕಿಗೆ ಹಿಡಿದು ನೋಡಿದೆವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಪೂರ್ತಿ ಅಳಿಸಿದ್ದವು. ಎಡಗೈಯ ಉಂಗುರಬೆರಳಿನ ಹೊರಮಗ್ಗಲಲ್ಲಿ, ಕಿರುಬೆರಳಿನ ಹೊರಮಗ್ಗಲಲ್ಲಿ ವಿಭೂತಿ ಬಳಿದ ಹಾಗೇ ಇತ್ತು.

“ಇಲ್ಲೆ ಎಳಿ ಬರೂದ ಇಲ್ಲ,” ಅಂದಳು ಗಂಗವ್ವ. ಆಕೆಗೇ ಆಶ್ಚರ್ಯ. “ನಲವತ್ತ ವರ್ಷ ನೇಯ್ದೇನಿ, ನನಗ ಗೊತ್ತಿಲ್ಲ.”

ಮೇಡಂ ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆಸಿದರು. ಸಿಸ್ಟರ್ ನೋಡಿ, ಬೆರಳಿನ ಮಗ್ಗಲಲ್ಲೇ ಚುಚ್ಚಬೇಕು, ತುದಿಗೆ ಚುಚ್ಚಬಾರದು ಎಂದು ತಾವು ಎಲ್ಲರಿಗೂ ಹೇಳುತ್ತಲೇ ಇರುತ್ತೇವೆ ಅಂದರು. ಹೇಳಿರಬಹುದು. ಯಾವ ಮಗ್ಗಲು ಎಂದು ಯಾರೂ ಆಕೆಯ ಮಗ್ಗದ ಮುಂದೆ ಕೂತು ನೋಡಿರಲಿಲ್ಲ. ಅಂದು ಮಷೀನು ದೇವರ ಜಗಲಿಯಿಂದ ಕೆಳಗೆ ಇಳಿಯಿತು. ವಿಭೂತಿ ತೊಳೆದ ಕೈ ಒರೆಸಿ, ಬಿಳಿ ಉಳಿದಿದ್ದ ಜಾಗದಲ್ಲೇ ಸಿಸ್ಟರ್ ಚುಚ್ಚಿದರು. ಮಷೀನಿನಲ್ಲಿ ಬಂದ ಅಂಕಿ ನೋಡಿ ಸಿಸ್ಟರ್ ಹುಬ್ಬೇರಿಸಿದರು. ತಂಗಿ ಹಳೆಯ ಕ್ಯಾಲೆಂಡರಿನ ಹಿಂದೆ ಅದನ್ನು ಬರೆದಳು.

ಅದಾದ ಎರಡು ದಿನಕ್ಕೆ ಹಸಿದ ಸೊಳ್ಳೆಗಳು ಪೊರೆ ಚುಚ್ಚಿದವು, ಕ್ಯಾಮೆರಾದಲ್ಲಿ ಚೆನ್ನಾಗಿ ಬಂತು. ಅದನ್ನು ನೋಡಲು ಪಾಟೀಲರು ಬೈಲಹೊಂಗಲದಲ್ಲೇ ಉಳಿದಿದ್ದರು. ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹುಸೇನಸಾಬರು ಮಾತ್ರ ಬಹಳ ದಿನ ಚಹಾ ಬಂದಾಗ, “ಬಸ್ಯಾನ ಸೊಳ್ಳಿಗೆ ಕೊಟ್ಟಿರೇನು?” ಎಂದು ಕೇಳುತ್ತಿದ್ದರು.

ಗಂಗವ್ವನ ಗಾಯ ಒಮ್ಮೆಲೇ ಮಾಯಲಿಲ್ಲ. ಕ್ಯಾಲೆಂಡರ್ ನೋಡಿ ಡಾಕ್ಟರು ಔಷಧ ಬದಲಿಸಿದರು, ಮತ್ತೆ ಬದಲಿಸಿದರು. ನಾನು ಕುಣಿಗೆ ಸೊಳ್ಳೆ ಬಾರದ ಹಾಗೆ ಪರದೆ ಕಟ್ಟಿಕೊಟ್ಟೆ. ಇದರಿಂದ ನಮಗೆ ಸೊಳ್ಳೆ ಸಿಗುವುದು ಕಮ್ಮಿಯಾಯಿತು. ಆಮೇಲೆ ಹೂಲಿ ಕಡೆ ಹುಡುಕಿಕೊಂಡೆವು. ನಾಲ್ಕನೆಯ ತಿಂಗಳು ಬಟ್ಟೆ ಬಿಚ್ಚಿದಳು. ಬೆರಳು ಉಳಿದಿತ್ತು.

ನನ್ನ ನಿವೃತ್ತಿಯ ವಿಷಯ. ಲ್ಯಾಬಿನಲ್ಲಿ ಮೊಟ್ಟೆಯಿಂದ ಬೆಳೆಸಿದ ಸೊಳ್ಳೆಗಳಿಗೆ ನಾವು ನಮ್ಮ ಕೈಯನ್ನೇ ಕೊಡುತ್ತಿದ್ದೆವು. ಪಂಜರದೊಳಗೆ ತೋಳು ಇಟ್ಟು ಕೂತರೆ ಅವು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹೊರಗಿನಿಂದ ಹಿಡಿದ ಸೊಳ್ಳೆಗೆ ಎಂದೂ ಕೈ ಕೊಡಬೇಡಿ, ಅದರ ಹೊಟ್ಟೆಯಲ್ಲಿ ಏನಿದೆಯೋ ಗೊತ್ತಿರುವುದಿಲ್ಲ. ನಾನು ಹತ್ತು ವರ್ಷ ಕೈ ಕೊಟ್ಟೆ. ಏನೂ ಆಗಲಿಲ್ಲ. ಹನ್ನೊಂದನೆಯ ವರ್ಷ ಒಂದು ಬೆಳಿಗ್ಗೆ ತೋಳು ಮೊಣಕೈಯವರೆಗೆ ಕುಂಬಳಕಾಯಿಯಾಯಿತು, ತುಟಿ ದಪ್ಪಾಯಿತು, ಉಸಿರು ಕಟ್ಟಿತು. ದವಾಖಾನೆಗೆ ಹೊತ್ತುಕೊಂಡು ಹೋದರು. ಸೊಳ್ಳೆಯ ಉಗುಳು ಇವನಿಗೆ ಆಗುವುದಿಲ್ಲ, ಇನ್ನು ಈ ಕೆಲಸ ಬೇಡ ಎಂದು ಡಾಕ್ಟರು ಬರೆದುಕೊಟ್ಟರು.

ಮೇಡಂ ಅಂದಿನಿಂದ ಯಾರ ಕೈಯನ್ನೂ ಪಂಜರಕ್ಕೆ ಬಿಡಲಿಲ್ಲ. ಈಗ ಪೊರೆಯ ಬಟ್ಟಲೇ. ನೀವು ಬಚಾವ್.

ಲ್ಯಾಬಿನಲ್ಲಿ ನನಗೆ ಶಾಲು ಹೊದಿಸಿ ಹಾರ ಹಾಕಿದರು. ಮುದುಕರಿಗೆ ಮಾಡಿದ ಹಾಗೇ ಮಾಡಿದರು. ಹುಸೇನಸಾಬರು ಭಾಷಣ ಮಾಡಿದರು. “ನಾ ಅರವತ್ತಕ್ಕ ರಿಟೈರ್ ಆದೆ, ಇವ ಮೂವತ್ತೆರಡಕ್ಕ ಆಗ್ಯಾನ. ನನಗಿಂತ ಶಾಣ್ಯಾ. ಮೊದಲ ದಿನ ಒಂದ ಸೊಳ್ಳಿ ನುಂಗಿದ್ದ, ಕಡೀಕ ಅವು ಇವನ್ನ ನುಂಗಾಕ ಬಂದ್ವು.” ಅಷ್ಟು ಹೇಳಿ ಕೂತರು, ಕನ್ನಡಕ ಒರೆಸಿಕೊಂಡರು. ಈಗ ನಾನು ಬೈಲಹೊಂಗಲದಲ್ಲಿ ಮೋಟರ್ ಸೈಕಲ್ ರಿಪೇರಿ ಕಲಿಯುತ್ತಿದ್ದೇನೆ. ಚೆನ್ನಾಗಿಯೇ ನಡೆದಿದೆ.

ಹೋದ ತಿಂಗಳು ಮೇಡಂ ಫೋನ್ ಮಾಡಿದರು. ಪಾಟೀಲರ ಸೂಜಿಯನ್ನು ಜನರ ಮೇಲೆ ಪರೀಕ್ಷಿಸಲು ಪರವಾನಿಗೆ ಬಂದಿದೆ, ಪರೀಕ್ಷೆ ಶುರುವಾಗಿದೆ, ಹೆಸರು ಕೊಟ್ಟವರಲ್ಲಿ ಗಂಗವ್ವನೂ ಇದ್ದಾಳೆ, ಆಕೆಯ ಮನೆಗೆ ಬಾ ಅಂದರು. ಹೋದೆ.

ಸೂಜಿ ಕಣ್ಣಿಗೆ ಕಾಣುವುದು ಕಷ್ಟ. ಮೂರು ಎಳೆ ಸೇರಿ ಒಂದು. ಮಗ್ಗಲ ಎರಡಕ್ಕೆ ಹಲ್ಲು, ನಡುವಿನದು ಪೊಳ್ಳು. ಸಣ್ಣ ಡಬ್ಬಿಯಲ್ಲಿ ಕೂರಿಸಿದ್ದಾರೆ. ಡಬ್ಬಿ ಚರ್ಮವನ್ನು ಒತ್ತಿ ಹಿಡಿಯುತ್ತದೆ, ಸೂಜಿ ನಡುಗುತ್ತ ಇಳಿಯುತ್ತದೆ. ಸಿಸ್ಟರ್ ಅದನ್ನು ಗಂಗವ್ವನ ಎಡತೋಳಿಗೆ ಇಟ್ಟರು. ಜೇನುನೊಣದಷ್ಟು ಸದ್ದು ಬಂತು. ತೆಗೆದರು. ರಕ್ತವನ್ನು ಮಷೀನಿಗೆ ಹಚ್ಚಿದರು. ಮಷೀನು ಅಂಕಿ ತೋರಿಸಲಿಲ್ಲ. ರಕ್ತ ಸಾಲದು ಎಂದಿತು.

ಪಾಟೀಲರ ಮುಖ ಸಣ್ಣದಾಯಿತು. ಸಿಸ್ಟರ್, “ಇವತ್ತಿನ ಅಂಕಿ ಬೆರಳಿಂದನ ತಗೊಂಡ ಬರ್ಕೊಳ್ಳೋಣೇನು?” ಅಂದರು.

“ರಕ್ತ ಸಾಲಲಿಲ್ಲಂದ್ರ ಸೂಜಿ ತಿದ್ರಿ,” ಅಂದಳು ಗಂಗವ್ವ. “ಇನ್ನೊಮ್ಮೆ ಹಚ್ಚರಿ. ನನ್ನ ತೋಳ ಎಲ್ಲಿ ಓಡಿ ಹೊಂಟೈತಿ?”

ಪಾಟೀಲರು ಡಬ್ಬಿಯ ಸಣ್ಣ ತಿರುಪು ತಿರುಗಿಸಿದರು, ಹೊಸ ಸೂಜಿ ಹಾಕಿದರು, ಇನ್ನೊಂದು ಜಾಗದಲ್ಲಿ ಇಟ್ಟರು. ಈ ಸಲ ಎರಡು ಉಸಿರು ಹೆಚ್ಚು ಹೊತ್ತು ಬಿಟ್ಟರು. ಸಾಸಿವೆಯಷ್ಟು ಹನಿ ಬಂತು. ಮಷೀನು ಅಂಕಿ ತೋರಿಸಿತು.

ಗಂಗವ್ವ ಅಂಕಿ ನೋಡಲಿಲ್ಲ. ರೇಷ್ಮೆಯ ಒಂದು ಎಳೆ ತೆಗೆದು ತೋಳಿನ ಮೇಲೆ, ಚುಚ್ಚಿದ ಜಾಗದ ಮೇಲೆ, ಮೆಲ್ಲಗೆ ಎಳೆದಳು. ಎಳೆ ಜಾರಿ ಆಚೆ ಬಂತು. ಇನ್ನೊಮ್ಮೆ ಎಳೆದಳು. ಜಾರಿತು.

ಪಾಟೀಲರು ಕೇಳಿದರು, “ಅವ್ವಾ, ಹೆಂಗೈತಿ?”

ಆಕೆ ಕುಣಿಯೊಳಗೆ ಎರಡೂ ಕಾಲು ಬಿಟ್ಟಳು, ಹಲಗೆ ತುಳಿದಳು, ಲಾಳಿ ಓಡಿಸಿದಳು.

“ಬೆಳಕಿಗೆ ಅಡ್ಡ ನಿಂತೀರಿ. ಸರೀರಿ.”

ಸರಿದೆವು. ನನಗೆ ಇನ್ನು ಹೇಳುವುದು ಏನೂ ಇಲ್ಲ.